ಹೌಸಾಬಾಯಿಯ ಆಯೋಗಕ್ಕೆ ಇನ್ನೂ ಮೂರು ವರ್ಷ

"ಮಮ್ಮಿ, ಹೌಸಾಆಯಿ ಅಂದ್ರ ಸರಕಾರ ಏನ?"

ಈಶ್ವರಿ ಇದನ್ನು ಕೇಳಿದ್ದು ಬಾಯಿತುಂಬ ಚಪಾತಿ ಇಟ್ಟುಕೊಂಡು. ಅನುಜಾ ಅವಳ ಟಿಫಿನ್ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಶಾಲೆಯ ರಿಕ್ಷಾದ ಹಾರ್ನು ಆಗಲೇ ಓಣಿಯ ತಿರುವಿನಲ್ಲಿ ಕೇಳಿಸುತ್ತಿತ್ತು. ಐದು ವರ್ಷದ ಮಗಳ ಪ್ರಶ್ನೆಗಳಿಗೆಲ್ಲ ಮುಂಜಾನೆಯ ಹೊತ್ತು ಅವಳ ಹತ್ತಿರ ಇದ್ದದ್ದು "ಸಂಜಿಗೆ ಹೇಳತೇನಿ" ಅನ್ನುವ ಒಂದೇ ಉತ್ತರ. ಆದರೆ ಇವತ್ತು ಕೈ ನಿಂತೇಬಿಟ್ಟಿತು.

"ಯಾರ ಹೇಳಿದ್ರ ನಿನಗ?"

"ಯಾರೂ ಹೇಳಿಲ್ಲ. ನಿನ್ನೆ ಜೀಪ್ ಬಂದಿತ್ತಲ್ಲ, ಅದರ ಮ್ಯಾಲ ಮಹಾರಾಷ್ಟ್ರ ಶಾಸನ ಅಂತ ಬರದಿತ್ತು. ಪಪ್ಪಾ ಓದಿ, ಶಾಸನ ಅಂದ್ರ ಸರಕಾರ ಅಂತ ಹೇಳಿದ್ರು. ಜೀಪಿನ ಕಾಕಾ ಬ್ಯಾರೆ ಯಾರಿಗೂ ಮಾಡಲಿಲ್ಲ, ಹೌಸಾಆಯಿಗೆ ಅಷ್ಟ ನಮಸ್ಕಾರ ಮಾಡಿದಾ." ಈಶ್ವರಿ ಚಪಾತಿ ನುಂಗಿದಳು. "ಆದ್ರ ಮಮ್ಮಿ, ಸರಕಾರ ಇದ್ರ ಹರದ ಪಡದೆ ಯಾಕ ಹೊಲೀತಾಳ?"

ಅನುಜಾಗೆ ನಗು ತಡೆಯಲಾಗಲಿಲ್ಲ. ಮಗಳನ್ನು ರಿಕ್ಷಾ ಹತ್ತಿಸಿ ತಿರುಗಿ ನೋಡಿದರೆ, ಸರಕಾರ ಅಂಗಡಿಯ ಕಟ್ಟೆಯ ಮೇಲೆ ಮಷೀನಿನ ಮುಂದೆ ಕೂತು, ಸೂಜಿಗೆ ದಾರ ಏರಿಸಲು ಒಂದು ಕಣ್ಣು ಮುಚ್ಚಿಕೊಂಡಿತ್ತು.

ಮಿರಜಿನ ಪೇಟೆಯಲ್ಲಿ ಅನುಜಾಳ ಮಾವ ಮಹಾಲಿಂಗಪ್ಪನವರದು ಮಂಡಪದ ಬಟ್ಟೆಯ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮದುವೆಯ ಚಪ್ಪರಕ್ಕೆ ಬೇಕಾಗುವ ಪಡದೆ, ಬಾಗಿಲಿಗೆ ತೋರಣ, ವೇದಿಕೆಯ ಅಂಚಿಗೆ ನೆರಿಗೆ ಹಿಡಿದು ಹೊಲಿದ ಜಾಲರಿ, ಎಲ್ಲ ಜಾತ್ರೆ ಜಯಂತಿಗಳ ಧ್ವಜಗಳು ಇಲ್ಲಿ ಸಿಗುತ್ತವೆ. ಗಣಪತಿ ಹಬ್ಬಕ್ಕೆ ಕೇಸರಿ ಬಟ್ಟೆ ಖಾಲಿ, ಉರುಸಿಗೆ ಹಸಿರು ಖಾಲಿ, ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿಗೆ ನೀಲಿ ಖಾಲಿ. ಇವೆಲ್ಲವನ್ನೂ ಹೊಲಿಯುವ ಕೈ ಮಾತ್ರ ಒಂದೇ. ಹೌಸಾಬಾಯಿಯದು.

ಹೌಸಾಬಾಯಿಯ ತವರು ಅಥಣಿ ಕಡೆಯ ಹಳ್ಳಿ. ಗಂಗಾರಾಮನನ್ನು ಮದುವೆಯಾಗಿ ಮಿರಜಿಗೆ ಬಂದವಳು. ಗಂಗಾರಾಮ ಮಂಡಪದ ಕಂಬ ನೆಡುವವನು, ಬಿದಿರಿಗೆ ಬಿದಿರು ಕಟ್ಟುವವನು. ಅವನು ಕಟ್ಟಿದ ಗಂಟನ್ನು ಬಿಚ್ಚಲು ಅವನೇ ಬರಬೇಕು ಎಂದು ಹೆಸರಾಗಿತ್ತು. ಒಮ್ಮೆ ಅವನು ಹರಿದ ಪಡದೆಯನ್ನು ಹೆಗಲ ಮೇಲೆ ಹಾಕಿಕೊಂಡು ರಿಪೇರಿಗೆಂದು ಈ ಅಂಗಡಿಗೆ ಬಂದ. ಹಿಂದೆ ಹೊಸ ಹೆಂಡತಿ ಇದ್ದಳು. ಅಂಗಡಿಯ ಆಗಿನ ಟೇಲರ್ ಎರಡು ದಿನ ಬೇಕೆಂದ. "ಎರಡ ದಿನಾ ಯಾಕ್ರಿ, ಸೂಜಿ ಕೊಡ್ರಿ ಇಲ್ಲಿ" ಎಂದು ಅವಳು ಕಟ್ಟೆಯ ಮೇಲೆಯೇ ಕೂತು ಕೈಯಿಂದ ಹೊಲಿದು ಮುಗಿಸಿದಳು. ಅನುಜಾಳ ಅತ್ತೆ ಸರುಬಾಯಿ ಅದನ್ನು ಮೇಲಿನಿಂದ ನೋಡಿದರು. ಅವರು ತವರಿನಿಂದ ತಂದಿದ್ದ ಕಾಲ್ಮಷೀನು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಮರುವಾರ ಅದು ಕಟ್ಟೆಗೆ ಇಳಿಯಿತು, ಹೌಸಾಬಾಯಿ ಅದರ ಹಿಂದೆ ಕೂತಳು. ಕೂತವಳು ಇವತ್ತಿಗೂ ಎದ್ದಿಲ್ಲ.

ಮೊದಮೊದಲು ಅವಳ ಚಹಾದ ಕಪ್ಪು ಬೇರೆ ಇರುತ್ತಿತ್ತು. ಕಿಟಕಿಯ ಹೊರಗಿನ ಗೂಡಿನಲ್ಲಿ, ಹಿಡಿಕೆ ಮುರಿದ ಒಂದು ಕಪ್ಪು. ಆ ಕಾಲದಲ್ಲಿ ಪೇಟೆಯ ಬಹಳ ಮನೆಗಳಲ್ಲಿ ಹಾಗೇ ಇತ್ತು, ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಹೌಸಾಬಾಯಿಯೂ ಮಾತಾಡಲಿಲ್ಲ. ಒಂದು ದಿನ ಆ ಕಪ್ಪಿನ ತುಂಬ ಗುಂಡಿ, ಟಾಚಣಿ ಪಿನ್ನು ಹಾಕಿ ಮಷೀನಿನ ಮೇಲೆ ಇಟ್ಟುಕೊಂಡಳು. ಚಹಾ ಬಂದಾಗ, "ಅಯ್ಯ, ಕಪ್ಪ ತುಂಬೇತ್ರಿ ಅಕ್ಕಾರ. ನಿಮ್ಮ ಕಪ್ಪಿನಾಗಿಂದ ಒಂದ ಕೊಡ್ರಿ" ಎಂದಳು. ಸರುಬಾಯಿ ಎರಡು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಒಳಗಿನಿಂದ ಹೂವಿನ ಕಪ್ಪು ತಂದುಕೊಟ್ಟು, ತಾವೂ ಅಲ್ಲೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಇದನ್ನು ಅನುಜಾಗೆ ಹೇಳಿದ್ದು ಸ್ವತಃ ಸರುಬಾಯಿ, ತೀರಿಕೊಳ್ಳುವ ಹಿಂದಿನ ವರ್ಷ. "ಜಗಳಾಡಿದ್ರ ನಾನೂ ಜಗಳಾಡ್ತಿದ್ದೆ. ಅಕಿ ಜಗಳಾಡಲಿಲ್ಲ ನೋಡು, ಮೋಸ ಅಲ್ಲೇ ಆತು" ಎಂದು ನಕ್ಕಿದ್ದರು.

ಇಂಥ ಹೌಸಾಬಾಯಿ ಆಯೋಗದ ಮೆಂಬರ್ ಆದದ್ದು ಮೂರು ವರ್ಷದ ಹಿಂದೆ. ಬಾಬಾಸಾಹೇಬರ ಜಯಂತಿಯ ರಜೆ ಬರೀ ಬ್ಯಾಂಕು, ಕಚೇರಿಗಳ ಬಾಗಿಲು ಹಾಕುವ ದಿನವಾಗಿ ಉಳಿಯಬಾರದು, ಊರೂರಲ್ಲಿ ಸಂವಿಧಾನದ ಓದು ಆಗಬೇಕು, ಶಾಲೆಗಳಲ್ಲಿ ಕಾರ್ಯಕ್ರಮ ಆಗಬೇಕು ಎಂದು ಸರಕಾರ ಕಾಯದೆ ಮಾಡಿ ಒಂದು ಆಯೋಗ ನೇಮಿಸಿತ್ತು. ಜಿಲ್ಲೆಗೊಂದು ಶಾಖೆ. ಅದರಲ್ಲಿ ದಿನಗೂಲಿಯ ಹೆಣ್ಣುಮಕ್ಕಳ ಪರವಾಗಿ ಒಂದು ಖುರ್ಚಿ. ಆ ಖುರ್ಚಿಗೆ ಜನ ಹುಡುಕುತ್ತ ಒಬ್ಬ ಸಾಹೇಬರು ಪೇಟೆಗೆ ಬಂದಾಗ ಮಹಾಲಿಂಗಪ್ಪನವರು ಮೀಟರ್ ಪಟ್ಟಿಯಿಂದಲೇ ಕಟ್ಟೆಯ ಕಡೆ ತೋರಿಸಿದರು. "ಇಕಿನ್ನ ಕರಕೊಂಡ ಹೋಗ್ರಿ. ನಮ್ಮ ಪ್ಯಾಟಿಗೆ ತಿಂಗಳಿಗೆ ಒಂದ ದಿನರ ಆರಾಮ ಸಿಗತೈತಿ."

"ಮಾಲಕ್ರ, ನಾ ಹ್ವಾದ ದಿನಾ ನಿಮ್ಮ ಜಾಲರಿಗೆ ನೆರಿಗಿ ಯಾರ ಹಿಡೀತಾರ, ನೋಡೂಣು" ಎಂದು ಹೌಸಾಬಾಯಿ ತಲೆ ಎತ್ತದೆ ಅಂದಳು. ಆದರೆ ಮೊದಲ ಸಭೆಗೆ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಸಾಂಗಲಿಯ ಬಸ್ಸು ಹತ್ತಿದ್ದಳು.

ಮನೆಯಲ್ಲಿ ಗಂಗಾರಾಮ ಅದನ್ನೇ ಹಿಡಿದುಕೊಂಡ. "ಸರಕಾರ ಈಗ ಆಯೋಗ ಮಾಡೇತಿ. ನಮ್ಮ ಮನ್ಯಾಗ ಲಗ್ನ ಆದಾಗಿಂದ ಆಯೋಗ ಐತಿ. ಅದಕ ಮುದತ್ತೂ ಇಲ್ಲ, ಅಪೀಲೂ ಇಲ್ಲ" ಎಂದು ಬಂದವರ ಮುಂದೆಲ್ಲ ಹೇಳುವನು.

ಆಯೋಗದಲ್ಲಿ ಹೌಸಾಬಾಯಿ ಕೇಳಿದ್ದು ಒಂದೇ ಒಂದು ಮಾತು. ಮೂರು ವರ್ಷವೂ ಅದನ್ನೇ ಕೇಳಿದಳು. ಪ್ರತಿ ಏಪ್ರಿಲ್ ಹದಿನಾಲ್ಕರಂದು ಅವರ ಓಣಿಯ ಸಂಗವ್ವ, ಎಂಬತ್ತು ದಾಟಿದ ಮುದುಕಿ, ಬಿಳಿ ಸೀರೆ ಉಟ್ಟು ಸರಕಾರಿ ಕಾರ್ಯಕ್ರಮಕ್ಕೆ ಹೋಗಿ ಬರುವಾಗ ಅಂಗಡಿಯ ಕಟ್ಟೆಗೆ ಕೂತು ನೀರು ಕುಡಿಯುವಳು. ಆ ದಿನವೂ ಮಷೀನಿನ ಮುಂದೆ ಇರುತ್ತಿದ್ದ ಹೌಸಾಬಾಯಿ ಆಸೆಯಿಂದ ಕೇಳುವಳು, "ಏನ ಓದಿದ್ರ ಕಾಕಿ? ಏನಂದ್ರ?"

"ಯಾರಿಗ ಗೊತ್ತವಾ. ಮರಾಠಿ ಭಾಳ ದೊಡ್ಡದಿತ್ತು. ಎಲ್ಲಾರೂ ಎದ್ದ ನಿಂತ್ರು, ನಾನೂ ನಿಂತೆ. ಎಲ್ಲಾರೂ ಕೈ ಮುಗದ್ರು, ನಾನೂ ಮುಗದೆ. ಚಲೋದ ಅಂದಿರಬೇಕು."

ಸಂತೆಯ ಮರಾಠಿ ಸಂಗವ್ವನಿಗೆ ಬರುತ್ತಿತ್ತು. ಬದನೆಕಾಯಿಯ ದರ ಇಳಿಸಲು ಅದು ಸಾಕು, ಸಂವಿಧಾನದ ಪ್ರಸ್ತಾವನೆಗೆ ಸಾಲದು. ಸ್ಟೇಶನ್ ಕಡೆಯ ಓಣಿಗಳಲ್ಲಿ, ಕುಪವಾಡದ ಕಾರಖಾನೆಯ ಚಾಳುಗಳಲ್ಲಿ, ಸಲಗರೆಯ ಹೊಲಗಳಲ್ಲಿ ಇಂಥ ಸಂಗವ್ವಗಳು ಎಷ್ಟೋ. ಅವರಿಗಾಗಿಯೇ ಬರೆದದ್ದನ್ನು ಅವರು "ಚಲೋದ ಅಂದಿರಬೇಕು" ಎಂದು ಅಂದಾಜಿನಲ್ಲಿ ಕೈ ಮುಗಿದು ಬರುವುದು ಹೌಸಾಬಾಯಿಗೆ ಬಟ್ಟೆಯೊಳಗೆ ಉಳಿದ ಟಾಚಣಿಯಂತೆ ಚುಚ್ಚುತ್ತಿತ್ತು. ಮಿರಜಿನ ಕಾರ್ಯಕ್ರಮದಲ್ಲಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಪ್ರಸ್ತಾವನೆ ಓದಿಸಿರಿ ಎಂಬುದು ಅವಳ ಬೇಡಿಕೆ.

ಮೊದಲ ವರ್ಷ "ನೋಡೋಣ" ಅಂದರು. ಎರಡನೆಯ ವರ್ಷ ಒಬ್ಬ ಸದಸ್ಯರು, ಗಡಿಯ ಊರು, ಭಾಷೆಯ ಮಾತು, ಸುಮ್ಮನೆ ಗಲಾಟೆ ಆದೀತು ಎಂದರು. ಹೌಸಾಬಾಯಿ ಮೈಕಿನ ಕೆಂಪು ದೀಪ ಹತ್ತಿಸಿ ಮರಾಠಿಯಲ್ಲೇ ಹೇಳಿದಳಂತೆ, "ಸಾಹೇಬ, ನಾನು ಗಂಡನ ಜೊತೆ ಕನ್ನಡದಲ್ಲಿ ಜಗಳಾಡತೇನಿ, ಗಿರಾಕಿ ಜೊತೆ ಮರಾಠಿಯಲ್ಲಿ ಜಗಳಾಡತೇನಿ. ಎರಡೂ ಜಗಳಾ ಸಂಜಿಗೆ ಮುಗೀತಾವ." ಇಡೀ ಸಭೆ ನಕ್ಕಿತು. ಆ ಸದಸ್ಯರೂ ನಕ್ಕರು. ಮೂರನೆಯ ವರ್ಷ, ದೀಪಾವಳಿ ಮುಗಿದ ಮೇಲಿನ ಸಭೆಯಲ್ಲಿ, ಬರುವ ಏಪ್ರಿಲ್‌ಗೆ ಮಿರಜಿನಲ್ಲಿ ಕನ್ನಡ ಓದು ಆಗಲಿ ಎಂದು ಒಪ್ಪಿದರು. ಓದುವುದು ಹೌಸಾಬಾಯಿಯ ಮೊಮ್ಮಗಳು ಕಾಜಲ್ ಎಂದೂ ಠರಾಯಿಸಿದರು.

ಹೌಸಾಬಾಯಿ ಕುಣಿಯುವುದಷ್ಟೇ ಬಾಕಿ. ಆಗ ಅಧ್ಯಕ್ಷರು ಕೆಮ್ಮಿ, "ಒಂದು ಮಾತು. ಈ ಆಯೋಗದ ಮುದತ್ತು ಡಿಸೆಂಬರ್ ಕೊನೆಗೆ ಮುಗಿಯುತ್ತದೆ" ಎಂದರು.

ಮುದತ್ತು ಹೆಚ್ಚಿಸಲು ನಾಗಪುರದ ಚಳಿಗಾಲದ ಅಧಿವೇಶನದಲ್ಲಿ ಮಸೂದೆ ತರುವವರಿದ್ದರು. ಪಾಸಾದರೆ ಇನ್ನೂ ಮೂರು ವರ್ಷ ಆಯೋಗ ಇರುತ್ತದೆ, ಏಪ್ರಿಲ್‌ನಲ್ಲಿ ಕನ್ನಡದ ಓದು ಆಗುತ್ತದೆ. ಪಾಸಾಗದಿದ್ದರೆ ಆಯೋಗವೂ ಇಲ್ಲ, ಓದೂ ಇಲ್ಲ. ಮತ್ತೆ ಎಲ್ಲಿಂದ, ಯಾರ ಕಾಲು ಹಿಡಿದು ಶುರು ಮಾಡುವುದು? ಸಂಗವ್ವನಿಗೆ ಈಗಲೇ ಕಟ್ಟೆ ಹತ್ತಲು ಒಂದು ಕೈ ಬೇಕು.

ಸಂಗವ್ವನಿಗೆ ಮಾತ್ರ ಚಿಂತೆ ಇರಲಿಲ್ಲ. "ಸರಕಾರದ್ದ ಮುದತ್ತ ನೀ ಹೆಚ್ಚ ಮಾಡಸು. ನಂದ ನಾ ನೋಡ್ಕೋತೇನಿ" ಎಂದಳು.

ಮಗಳು ಶಾಲೆಯಿಂದ ಬಂದ ಮೇಲೆ ಅನುಜಾ ಇಷ್ಟನ್ನು ಅವಳಿಗೆ ತಿಳಿಯುವ ಹಾಗೆ ಸಣ್ಣದು ಮಾಡಿ ಹೇಳಿದಳು. ಈಶ್ವರಿ ಎಲ್ಲ ಕೇಳಿ, "ಅಂದ್ರ ಹೌಸಾಆಯಿ ಸ್ವಲ್ಪ ಸರಕಾರ" ಎಂದು ತೀರ್ಮಾನ ಕೊಟ್ಟು ಆಡಲು ಓಡಿದಳು.

ಡಿಸೆಂಬರ್ ಬಂತು. ಹೌಸಾಬಾಯಿಯ ಮಷೀನು ಎಂದಿನಂತೆ ಓಡುತ್ತಿತ್ತು, ಆದರೆ ಕಿವಿ ನಾಗಪುರದಲ್ಲಿತ್ತು. ಅನುಜಾ ಹಾಲು ತರಲು ಕೆಳಗೆ ಇಳಿದರೆ, ಸೊಸೆ ಎನ್ನುವ ಮರಾಠಿ ಮಾತಿನಲ್ಲೇ ಕರೆದು, "ಸೂನಬಾಯಾರ, ಫೋನ್ ನೋಡಿದ್ರ್ಯಾ? ಏನಾತ್ರಿ ನಾಗಪುರದಾಗ?" ಕೊತ್ತಂಬರಿಗೆ ಇಳಿದರೂ ಅದೇ. ಒಂದು ದಿನ ಗೊಂದಲದಿಂದ ಸಭೆ ಮುಂದೂಡಿದರು ಎಂದು ಅನುಜಾ ಹೇಳಿದಾಗ ಹೌಸಾಬಾಯಿ ಪೆಡಲ್ ನಿಲ್ಲಿಸಿ, "ಇವರಿಗೆ ಮಷೀನಿನ ಮುಂದ ಕೂಡಸಬೇಕ್ರಿ. ದಾರ ಕಡದ್ರ ಎದ್ದ ಹೋಗಾಕ ಬರಂಗಿಲ್ಲ, ಮತ್ತ ಏರಿಸಬೇಕು" ಎಂದಳು.

ಮಧ್ಯಾಹ್ನ ಕಾಜಲ್ ಮೇಲೆ ಬಂದು ಅನುಜಾಳ ಹತ್ತಿರ ಕೂರುವಳು. ಎಂಟನೆಯ ಇಯತ್ತೆಯ ಹುಡುಗಿ, ಮರಾಠಿ ಶಾಲೆ. ಕನ್ನಡ ಪೂರಾ ತಿಳಿಯುತ್ತದೆ, ಮಾತಾಡು ಅಂದರೆ ಅರ್ಧಕ್ಕೆ ಮರಾಠಿಗೆ ಜಾರುತ್ತಾಳೆ, ಓದಲು ಬರುವುದೇ ಇಲ್ಲ. ಜಮಖಂಡಿಯ ಕನ್ನಡ ಶಾಲೆಯಲ್ಲಿ ಕಲಿತು ಬಂದ ಅನುಜಾ ಅವಳಿಗೆ ಪ್ರಸ್ತಾವನೆಯನ್ನು ಓದಿ ಹೇಳುವಳು. ಕಾಜಲ್ ಅದನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳುವಳು. ಅನುಜಾ ಹೆದರಿದ್ದು ದೊಡ್ಡ ದೊಡ್ಡ ಪದಗಳಿಗೆ. ಆದರೆ ಸಾರ್ವಭೌಮ, ಸಮಾಜವಾದಿ, ಗಣರಾಜ್ಯ ಎಲ್ಲ ಕಾಜಲಳ ಬಾಯಲ್ಲಿ ಎಣ್ಣೆ ಹಾಕಿದಂತೆ ಓಡಿದವು. ಮರಾಠಿಯಲ್ಲೂ ಅವೇ ಪದಗಳಲ್ಲವೆ? ಅವಳು ಎಡವುತ್ತಿದ್ದದ್ದು 'ಇಟ್ಟುಕೊಂಡು', 'ದೊರೆಯುವಂತೆ' ಎನ್ನುವಂಥವುಗಳ ಹತ್ತಿರ.

"ಕಾಕು, ನಮ್ಮ ಆಜಿ ಹಿಂಗ ಮಾತಾಡಂಗಿಲ್ಲ."

"ನಿಮ್ಮ ಆಜಿ ಮಾತಾಡೋ ಹಂಗ ಸಂವಿಧಾನ ಬರದಿದ್ರ ಅದರಾಗ ಬೈಗುಳಾ ಬರತಿದ್ವು" ಎಂದಳು ಅನುಜಾ. ಕೆಳಗಿನಿಂದ, "ಕೇಳಸೇತ್ರಿ ಸೂನಬಾಯಾರ!" ಎಂಬ ಕೂಗು ಬಂತು.

ಆ ಗುರುವಾರ ಸಂಜೆ ಅನುಜಾಳ ಗಂಡ ಸುಶಾಂತ ಫೋನು ಎತ್ತಿ ಹಿಡಿದು ಅಂಗಡಿಯೊಳಗೆ ಹೆಚ್ಚುಕಡಿಮೆ ಹಾರಿ ಬಂದ. "ಪಾಸ್! ಹೌಸಾಮಾವಶಿ, ಪಾಸ್ ಆತು! ವಿಧಾನಸಭೆದಾಗ ಮಂಜೂರ!"

ಮಹಾಲಿಂಗಪ್ಪನವರು ಗಲ್ಲಾದಿಂದ ಎದ್ದು ನಿಂತರು. ಹೌಸಾಬಾಯಿ ಎರಡೂ ಕೈ ಮಷೀನಿನ ಮೇಲೆ ಇಟ್ಟು ಕಣ್ಣು ಮುಚ್ಚಿದಳು. ಪೇಢೆ ಬಂತು. ಪಕ್ಕದ ಬಳೆ ಅಂಗಡಿಯವರು, ಎದುರಿನ ಪಾತ್ರೆಯವರು ಬಂದರು. ಸಾಂಗಲಿ ಮಿರಜಿನ ಪೇಟೆಯವರಿಗೆ ಸಂತೋಷವಾದರೆ ಸುಮ್ಮನೆ ಇರಲು ಬರುವುದಿಲ್ಲ. ಯಾರದಾದರೂ ಹುಟ್ಟುಹಬ್ಬವೋ, ನೇಮಕವೋ, ಮಗ ಪರೀಕ್ಷೆ ಪಾಸಾದದ್ದೋ, ಚೌಕದಲ್ಲಿ ಒಂದು ಫ್ಲೆಕ್ಸ್ ಏರಲೇಬೇಕು. ಸುಶಾಂತ ಫ್ಲೆಕ್ಸ್ ಪ್ರಿಂಟ್ ಮಾಡುವ ಗೆಳೆಯ ಭೂಷಣನಿಗೆ ಫೋನು ಹಚ್ಚಿದ. ಮರುದಿನ ಬೆಳಕು ಹರಿಯುವ ಮೊದಲೇ ಚೌಕದಲ್ಲಿ ಆಳೆತ್ತರದ ಫ್ಲೆಕ್ಸ್ ನಿಂತಿತ್ತು. ಮೇಲೆ ಬಾಬಾಸಾಹೇಬರು, ನಡುವೆ ಮಷೀನಿನ ಮುಂದೆ ಕೂತಾಗ ತೆಗೆದ ಹೌಸಾಬಾಯಿಯ ಫೋಟೊ, ಕೆಳಗೆ 'ಜಯಂತಿ ಆಯೋಗಕ್ಕೆ ಮೂರು ವರ್ಷದ ಮುದತ್ತು ದೊರೆತದ್ದಕ್ಕೆ ಹಾರ್ದಿಕ ಅಭಿನಂದನೆ' ಎಂದು ಮರಾಠಿಯಲ್ಲೂ ಕನ್ನಡದಲ್ಲೂ. ಸುತ್ತಲೂ ಶುಭ ಕೋರುವವರ ಸಣ್ಣ ಸಣ್ಣ ಮುಖಗಳು. ಮಹಾಲಿಂಗಪ್ಪ, ಸುಶಾಂತ, ಬಳೆಯವರು, ಮತ್ತೆ ಯಾರಿಗೂ ಗುರುತಿಲ್ಲದ ನಾಲ್ಕೈದು ಗಂಡಸರು. ಜಾಗ ಉಳಿದರೆ ಭೂಷಣ ತನ್ನ ಸೋದರ ಬಂಧುಗಳನ್ನೂ ತುಂಬುತ್ತಾನೆ, ಅದು ಅವನ ರೂಢಿ.

ಶುಕ್ರವಾರ ಮಧ್ಯಾಹ್ನ, ಶಾಲೆಯಿಂದ ಬಂದು ಊಟ ಮಾಡಿ ಈಶ್ವರಿ ಮಲಗಿದ ಮೇಲೆ, ಅನುಜಾ ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಸುಶಾಂತ ಓದಿದ್ದು ಮೇಲಿನ ಎರಡು ಸಾಲು. ಕೆಳಗೆ ಇನ್ನೂ ಇತ್ತು. ಮಸೂದೆ ಇನ್ನು ವಿಧಾನ ಪರಿಷತ್ತಿಗೆ ಹೋಗಬೇಕು. ಅಧಿವೇಶನಕ್ಕೆ ನಾಳೆ, ಶನಿವಾರ, ಕೊನೆಯ ದಿನ. ಇನ್ನೂ ಎಷ್ಟೋ ಮಸೂದೆಗಳು ಸಾಲಿನಲ್ಲಿವೆ.

ಹೇಳದೆ ಇದ್ದರೆ ನಾಳೆ ಪಾಸಾದರೂ ಆಗಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಆಗದಿದ್ದರೆ? ಊರೆಲ್ಲ ನೋಡಿದ ಫ್ಲೆಕ್ಸಿನ ಕೆಳಗೆ ಹೌಸಾಬಾಯಿ ನಡೆದುಹೋಗಬೇಕಾಗುತ್ತದೆ. ಅನುಜಾ ಎದ್ದು ಕೆಳಗಿಳಿದಳು. ಮಷೀನಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮೆಲ್ಲನೆ ಎಲ್ಲ ಹೇಳಿದಳು.

ಹೌಸಾಬಾಯಿ ಕೇಳಿದಳು. ಕೈಯಲ್ಲಿದ್ದ ಜಾಲರಿಯನ್ನು ತಿರುಗಿಸಿ ನೋಡಿದಳು. "ಅಂದ್ರ ಒಂದ ಬಾಜು ಹೊಲಿಗಿ ಬಿದ್ದೇತಿ. ಇನ್ನೊಂದ ಬಾಜು ಬಿಚ್ಚೇ ಐತಿ."

"ಹೌದ್ರಿ ಮಾವಶಿ."

"ಹಂತಾದ್ದನ್ನ ನಾ ಯಾವ ಗಿರಾಕಿಗೂ ಕೊಟ್ಟಿಲ್ರಿ ಇವತ್ತಿನ ತನಕ" ಎಂದಳು. ಕುತ್ತಿಗೆ ಚಾಚಿ ಚೌಕದ ಕಡೆ ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲಿಂದ ಅವಳದೇ ಮುಖ ಅವಳನ್ನು ನೋಡಿ ನಗುತ್ತಿತ್ತು.

ಗಲ್ಲಾದ ಹತ್ತಿರ ನಿಂತು ಕೇಳಿಸಿಕೊಂಡ ಸುಶಾಂತ ಕಿವಿಯವರೆಗೆ ಕೆಂಪಾದ. "ಈಗಿಂದೀಗ ಇಳಸತೇನಿ" ಎಂದು ಹೊರಟವನ ಅಂಗಿಯನ್ನು ಮಹಾಲಿಂಗಪ್ಪನವರು ಹಿಡಿದು ನಿಲ್ಲಿಸಿದರು. "ಬುದ್ಧಿ ಐತೇನೋ? ಬಾಬಾಸಾಹೇಬರ ಫೋಟೊ ಇರೋ ಬೋರ್ಡ. ಮುಂಜಾನೆ ಏರಿಸಿದ್ದು ಸಂಜಿಗೆ ಇಳಿಸಿದ್ರ ಜನಾ ಏನ ತಿಳಕೋಬೇಕು? ಯಾರ ಇಳಿಸಿದ್ರು, ಯಾಕ ಇಳಿಸಿದ್ರು ಅಂತ ನೂರ ಮಾತ ಹುಟ್ಟತಾವ."

ಇಳಿಸುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಆಗ ಹೌಸಾಬಾಯಿ, "ಮಾಲಕ್ರ, ಆ ನೀಲಿ ಸಾಟಿನ್ ತಾನ ತಗೀರಿ" ಎಂದಳು.

"ಯಾಕ?"

"ಪುತಳಿ ಇರಲಿ, ಬೋರ್ಡ ಇರಲಿ, ಉದ್ಘಾಟನಾ ಆಗೋ ತನಕ ಮ್ಯಾಲ ಪಡದೆ ಇರತೈತೋ ಇಲ್ಲೋ? ನಮ್ಮದಕ ಉದ್ಘಾಟನಾ ಆಗಿಲ್ಲ. ನೀವು ಪಡದೆ ಹಾಕೂದ ಮರತೀರಿ, ಇಷ್ಟ."

ಮಹಾಲಿಂಗಪ್ಪನವರು ಅವಳನ್ನೇ ದಿಟ್ಟಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಬಟ್ಟೆಯ ತಾನು ಬಿಚ್ಚಿದರು. ಹೌಸಾಬಾಯಿ ತನ್ನದೇ ಮುಖ ಮುಚ್ಚಲು ತಾನೇ ಪಡದೆ ಹೊಲಿದಳು. ಹೊಲಿಯುವಾಗ ಸುಮ್ಮನೆ ಹೊಲಿದಾಳೆಯೇ, ಅಂಚಿಗೆ ಬಿಳಿ ಜಾಲರಿ, ಎಳೆಯಲು ಗೊಂಡೆಯ ದಾರ. ಗಂಗಾರಾಮ ಏಣಿ ತಂದು ಹತ್ತಿ ಕಟ್ಟಿದ. "ಲಗ್ನದಾಗ ನಾ ಒಮ್ಮೆ ಈ ಮುಖದ ಪಡದೆ ಸರಿಸಿದ್ದೆ. ಇವತ್ತ ಮತ್ತ ಹಾಕೂ ಭಾಗ್ಯ ಬಂತು" ಎಂದ ಮೇಲಿನಿಂದ. "ಬಾಯಿ ಮುಚ್ಚಿಕೊಂಡ ಗಂಟ ಹಾಕ್ರಿ" ಎಂದಳು ಹೆಂಡತಿ ಕೆಳಗಿನಿಂದ.

ಕತ್ತಲಾಗುವುದರೊಳಗೆ ಪೇಟೆಯಲ್ಲಿ ಒಂದೇ ಪ್ರಶ್ನೆ. ಉದ್ಘಾಟನೆ ಯಾವಾಗ, ಯಾರ ಕೈಯಿಂದ? ಸುಶಾಂತ ಎಲ್ಲರಿಗೂ "ಮುಹೂರ್ತ ನೋಡಾಕತ್ತೇವ್ರಿ" ಎನ್ನುತ್ತ ಕಣ್ಣು ತಪ್ಪಿಸಿದ.

ಶನಿವಾರ ಮುಂಜಾನೆಯಿಂದ ಹೌಸಾಬಾಯಿ ಏನನ್ನೂ ಕೇಳಲಿಲ್ಲ. ಅನುಜಾ ಹಾಲಿಗೆ ಇಳಿದಾಗಲೂ ಕೇಳಲಿಲ್ಲ, ಕೊತ್ತಂಬರಿಗೆ ಇಳಿದಾಗಲೂ ಕೇಳಲಿಲ್ಲ. ಬರೀ ಮುಖ ನೋಡುವಳು, ಮತ್ತೆ ಬಟ್ಟೆ ನೋಡುವಳು. ಅದನ್ನು ನೋಡಲಾರದೆ ಅನುಜಾ ಮಧ್ಯಾಹ್ನದ ಮೇಲೆ ಕೆಳಗಿಳಿಯುವುದನ್ನೇ ಬಿಟ್ಟಳು. ಸಂಜೆ ಒಲೆಯ ಪಕ್ಕಕ್ಕೆ ಫೋನು ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ, ಒಂದು ನೋಟ. ಕಿರುಬೆರಳೊಂದೇ ಹಿಟ್ಟಿಲ್ಲದೆ ಇತ್ತು, ಅದರಿಂದಲೇ ಫೋನು ತಿಕ್ಕುವಳು. ಈಶ್ವರಿ ಕಿಟಕಿಯಲ್ಲಿ ಕೂತು ಕೆಳಗಿನ ವರದಿ ಕೊಡುತ್ತಿದ್ದಳು. "ಹೌಸಾಆಯಿ ನೀರು ಕುಡದ್ಲು. ಹೌಸಾಆಯಿ ಮ್ಯಾಲ ನೋಡಿದ್ಲು. ಹೌಸಾಆಯಿ ಅಜ್ಜಾಗ ಬೈದ್ಲು."

ಹೊತ್ತು ಮುಳುಗುವಾಗ ಸುದ್ದಿ ಬಂತು. ಪರಿಷತ್ತಿನಲ್ಲಿ ಕೊನೆಯ ಗಳಿಗೆಯಲ್ಲಿ, ಚರ್ಚೆಯೇ ಇಲ್ಲದೆ, ಎಲ್ಲರ ಒಪ್ಪಿಗೆಯಿಂದ ಮಂಜೂರು. ಅನುಜಾ ಒಲೆ ಆರಿಸಿದಳು, ಸುದ್ದಿಯನ್ನು ಕೊನೆಯ ಸಾಲಿನವರೆಗೆ ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಇಳಿದಳು.

ಕೆಳಗೆ ಯಾರೂ ಜಿಗಿಯಲಿಲ್ಲ. ಎಲ್ಲರಿಗೂ ಬಿಸಿ ತಾಗಿತ್ತು. "ಪೂರ್ತಿ ಓದವಾ. ಕಡೀ ಸಾಲಿನ ತನಕ" ಎಂದರು ಮಹಾಲಿಂಗಪ್ಪನವರು. ಅನುಜಾ ಪೂರ್ತಿ ಓದಿದಳು.

"ಎರಡೂ ಬಾಜು ಹೊಲಿಗಿ ಬಿತ್ತ್ಯಾ?" ಎಂದಳು ಹೌಸಾಬಾಯಿ.

"ಬಿತ್ರಿ ಮಾವಶಿ. ಇನ್ನ ರಾಜ್ಯಪಾಲರ ಸಹಿ ಒಂದ ಉಳದೇತಿ. ಅದು ಆಗತೈತಿ."

"ಹಂಗಾದ್ರ ಗುಂಡಿ ಒಂದ ಉಳದೇತಿ ಅನ್ರಿ."

"ಗುಂಡಿ ಏನ್ ಮಾವಶಿ, ಹಚ್ಚತಾರ! ಪಡದೆ ಎಳಿಯೂಣು ನಡ್ರಿ" ಎಂದ ಸುಶಾಂತ.

"ಗುಂಡಿ ಇಲ್ಲದ ಝಂಪರ ಹಾಕ್ಕೊಂಡ ಯಾರರ ಓಣ್ಯಾಗ ತಿರಗತಾರೇನೋ ಅಪ್ಪಾ? ನಿಲ್ಲ ಸ್ವಲ್ಪ" ಎಂದಳು ಹೌಸಾಬಾಯಿ. ಆದರೆ ಹೇಳುವಾಗ ಮುಖವೆಲ್ಲ ನಗೆಯಾಗಿತ್ತು, ಕಣ್ಣು ಒದ್ದೆಯಾಗಿತ್ತು. ಅನುಜಾಳ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡಳು.

ಸಹಿ ಬಿದ್ದದ್ದು ವರ್ಷ ಮುಗಿಯುವ ಹೊಸ್ತಿಲಲ್ಲಿ. ಅಲ್ಲಿಯವರೆಗೆ ನೀಲಿ ಪಡದೆ ಚೌಕದಲ್ಲಿ ಗಾಳಿಗೆ ಆಡುತ್ತ ನಿಂತಿತ್ತು. ಸಹಿಯ ಸುದ್ದಿ ಬಂದ ಸಂಜೆ ಓಣಿಯವರೆಲ್ಲ ಸೇರಿದರು. ಯಾರ ಕೈಯಿಂದ ಎಂದು ಕೇಳಿದ್ದಕ್ಕೆ ಹೌಸಾಬಾಯಿ ಸಂಗವ್ವನನ್ನು ಮುಂದೆ ಮಾಡಿದಳು. ಸಂಗವ್ವ ಗೊಂಡೆ ಹಿಡಿದು ಎಳೆದಳು. ಪಡದೆ ಅರ್ಧ ಸರಿದು ನಿಂತಿತು. ಮತ್ತೆ ಎಳೆದಳು. ಗಂಗಾರಾಮನ ಗಂಟು, ಅಷ್ಟು ಸುಲಭಕ್ಕೆ ಬಿಡುತ್ತದೆಯೆ? ಕೊನೆಗೆ ಅವನೇ ಏಣಿ ಹತ್ತಿ ಬಿಚ್ಚಬೇಕಾಯಿತು. ಪೂರ್ತಿ ಸರಿದ ಮೇಲೆ ಸಂಗವ್ವ ಕಣ್ಣು ಕಿರಿದು ಮಾಡಿ ಬೋರ್ಡನ್ನು ನೋಡಿದಳು.

"ನಡುವ ಇದ್ದಾಕಿ ನೀನು, ಗುರ್ತ ಹತ್ತಿತು. ಸುತ್ತ ಇದ್ದ ಗಂಡಸರೆಲ್ಲಾ ಯಾರವಾ?"

"ನನಗೂ ಗೊತ್ತಿಲ್ಲ ಕಾಕಿ. ಭೂಷಣನ್ನ ಕೇಳಬೇಕು."

ಜನವರಿಯಲ್ಲಿ ಆಯೋಗದ ಹೊಸ ಮುದತ್ತಿನ ಮೊದಲ ಸಭೆ ಆಯಿತು. ಅಲ್ಲಿಂದ ಬಂದ ಸಂಜೆ ಹೌಸಾಬಾಯಿ ಅಂಗಡಿಗೆ ಹೋಗದೆ ನೇರವಾಗಿ ಮೆಟ್ಟಿಲು ಹತ್ತಿ ಅನುಜಾಳ ಅಡಿಗೆಮನೆಗೆ ಬಂದಳು. ಬಿಳಿ ಸೀರೆಯಲ್ಲೇ ಇದ್ದಳು. "ಬರ್ರಿ, ಕುಂದ್ರಿ" ಎಂದು ಅನುಜಾ ಚಹಾಕ್ಕೆ ಇಟ್ಟಳು. ಹೌಸಾಬಾಯಿ ಕೂತಳು. ಕಾಜಲಳ ಓದು ಹತ್ತು ಗಂಟೆಗೆ ಠರಾಯಿಸಿದ್ದಾರೆ ಎಂದಳು. ಚಹಾ ಬಂತು. ಸಂಗವ್ವನಿಗೆ ಮುಂದಿನ ಸಾಲಿನಲ್ಲಿ ಖುರ್ಚಿ ಹಾಕಿಸುತ್ತಾರಂತೆ ಎಂದಳು. ಈಶ್ವರಿಯ ಜಡೆ ಬಿಚ್ಚ್ಯಾವ, ಹಾಕಲ್ಯಾ ಎಂದಳು. ಮಾತು ಎಲ್ಲೆಲ್ಲೋ ಸುತ್ತುತ್ತಿತ್ತು. ಹೌಸಾಬಾಯಿ ಹಾಗೆ ಸುತ್ತು ಹಾಕುವವಳೇ ಅಲ್ಲ.

"ಏನ್ರಿ ಮಾವಶಿ? ಹೇಳ್ರಲಾ."

ಹೌಸಾಬಾಯಿ ಈಶ್ವರಿಯ ಜಡೆ ಹೆಣೆಯುತ್ತಲೇ, ಅನುಜಾಳ ಮುಖ ನೋಡದೆ ಹೇಳಿದಳು.

"ಸೂನಬಾಯಾರ, ಜಯಂತಿ ದಿನಾ ಮುಂಜಾನೆ ಅಂಗಡಿ ಹೆಂಗಿರತೈತಿ ನಿಮಗ ಗೊತ್ತೈತಿ. ಒಬ್ಬಾಂವ ಹರದ ಜಾಲರಿ ತರತಾನ, ಒಬ್ಬಾಂವ ಕಿತ್ತ ಧ್ವಜಾ ತರತಾನ, ಎಲ್ಲಾರಿಗೂ ಆಗಿಂದಾಗ ಬೇಕು. ಮುಚ್ಚರಿ ಅಂದ್ರ ಮಾಲಕ್ರು ಮುಚ್ಚತಾರ, ನನ್ನ ಮಾತ ತಗದ ಹಾಕಂಗಿಲ್ಲ. ಆದ್ರ ನಾ ಅನ್ನಂಗಿಲ್ರಿ. ಬರೋರು ನಮ್ಮ ಮಂದೀನ, ಹಬ್ಬದ ದಿನಾ ಅವರು ಹರದ ಧ್ವಜಾ ಹಿಡಕೊಂಡ ಎಲ್ಲಿ ಹೋಗಬೇಕು? ಮೆಂಬರ್ ಆಗಿ ಮೂರ ವರ್ಷ ಆತು, ಒಂದ ಸಲಾನೂ ನಾ ಆ ಕಾರ್ಯಕ್ರಮಾ ಕೂತು ನೋಡಿಲ್ಲ. ಈ ಸಲಾ ನನ್ನ ಮೊಮ್ಮಗಳು ಓದತಾಳ. ಸಂಗವ್ವ ಕಾಕಿನ್ನ ಕೇಳಿ ತಿಳ್ಕೊಳ್ಳೂದು ಬ್ಯಾಡ, ನನ್ನ ಕಿವೀಲೆ ಕೇಳಬೇಕ್ರಿ."

ಅವಳು ಜಡೆಗೆ ರಿಬ್ಬನ್ ಬಿಗಿದು, ಮಗುವಿನ ತಲೆ ನೇವರಿಸಿ, ಆಮೇಲೆ ಅನುಜಾಳ ಕಡೆ ತಿರುಗಿದಳು.

"ನಿಮಗ ಮಷೀನ್ ಹೊಡ್ಯಾಕ ಬರತೈತಿ, ನಾ ನೋಡೇನಿ. ಒಂದ ತಾಸು ಮಟ್ಟಿಗೆ ಅಷ್ಟ, ನನ್ನ ಜಾಗಾದಾಗ ನೀವು ಕುಂದರ್ತೀರೇನ್ರಿ?"